ಮೈನಸ್ ಮೂವತ್ತರ ಊರಿಗೆ ಹೊರಟಿದ್ದೀರಾ? ಬೂಟು ಕೊಳ್ಳುವ ಮುಂಚೆ ಇದನ್ನೋದಿ

ಕಳೆದ ತಿಂಗಳು ದಾವಣಗೆರೆಯಿಂದ ಚಿಕ್ಕಮ್ಮನ ಮಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ. ಕಪ್ಪು ಬಣ್ಣದ ಬೂಟು, ಒಳಗೆಲ್ಲ ಮೆತ್ತನೆ ತುಪ್ಪಳ. ಕೆಳಗೆ ಒಂದು ಸಾಲು: 'ಅಕ್ಕಾ, ಇದು ಮೈನಸ್ ನಲವತ್ತಕ್ಕೂ ತಡೆಯುತ್ತಂತೆ. ಆನ್‌ಲೈನ್‌ನಲ್ಲಿ ಆಫರ್ ಇದೆ, ತಗೊಳ್ಲಾ?' ಅವನಿಗೆ ಕೆನಡಾದ ವಿನಿಪೆಗ್‌ನಲ್ಲಿ ಕೆಲಸ ಸಿಕ್ಕಿದೆ. ಜನವರಿ ಎರಡನೇ ವಾರ ವಿಮಾನ.

'ಬೇಡ, ಸ್ವಲ್ಪ ತಡಿ' ಅಂದೆ. ಯಾಕೆಂದರೆ ಐದು ವರ್ಷದ ಹಿಂದೆ ಇಂಥದ್ದೇ ಬೂಟು ತಗೊಂಡು ಇದೇ ಊರಿಗೆ ಬಂದಿಳಿದವಳು ನಾನು. ಬೆಂಗಳೂರಿನಲ್ಲಿ ಕಾಲಿಗೆ ಸರಿಯಾಗಿ ಕೂರುವ ಅಳತೆಯನ್ನೇ ಆರಿಸಿದ್ದೆ. ಇಲ್ಲಿ ಮೊದಲ ದಿನ ಅದರೊಳಗೆ ಎರಡು ಜೊತೆ ಕಾಲುಚೀಲ ತುರುಕಿಕೊಂಡು ಬಸ್ ಸ್ಟಾಪಿನಲ್ಲಿ ನಿಂತೆ. ಹೊರಗೆ ಮೈನಸ್ 27. ಹತ್ತು ನಿಮಿಷಕ್ಕೆ ಬೆರಳು ನೋಯೋಕೆ ಶುರುವಾಯಿತು. ಇಪ್ಪತ್ತು ನಿಮಿಷಕ್ಕೆ ನೋವು ನಿಂತಿತು. ಅಬ್ಬ, ಕಾಲು ಒಗ್ಗಿಕೊಂಡಿತು ಅಂತ ಖುಷಿಪಟ್ಟೆ. ಆಫೀಸಿಗೆ ಹೋಗಿ ಬೂಟು ಬಿಚ್ಚಿದರೆ ಎರಡು ಬೆರಳು ಮೇಣದ ಹಾಗೆ ಬಿಳಿಚಿಕೊಂಡಿದ್ದವು, ಮುಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ. ನೋವು ನಿಂತದ್ದು ಬೆರಳು ಮರಗಟ್ಟಿದ್ದರಿಂದ. ಅದೃಷ್ಟಕ್ಕೆ ಸಂಜೆಯೊಳಗೆ ಸರಿಹೋಯಿತು.

ಅವನಿಗೆ ಕಂತು ಕಂತಾಗಿ ಕಳಿಸಿದ ವಾಯ್ಸ್ ಮೆಸೇಜುಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಎಡ್ಮಂಟನ್, ಮಿನಿಯಾಪೊಲಿಸ್, ಮಾಂಟ್ರಿಯಲ್ ಕಡೆಗೆ ಹೊರಟವರಿಗೂ ಉಪಯೋಗವಾದೀತು.

ಚಳಿ ಅಂದರೆ ಎಷ್ಟು?

ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ. ವಿನಿಪೆಗ್‌ನಲ್ಲಿ ಜನವರಿಯ ರಾತ್ರಿ ಮೈನಸ್ 20 ಅನ್ನೋದು ಮಾಮೂಲು, ಮೈನಸ್ 30 ಕೂಡ ಪ್ರತಿ ವರ್ಷ ಬಂದು ಹೋಗುವ ನೆಂಟ. ನವೆಂಬರಿನಲ್ಲಿ ಬಿದ್ದ ಹಿಮ ಸಾಮಾನ್ಯವಾಗಿ ಮಾರ್ಚ್ ಮುಗಿಯುವ ತನಕ ನೆಲ ಬಿಡಲ್ಲ. ನಮಗೆ ಯುಗಾದಿ ಬಂದರೂ ಹೊರಗೆ ಬಿಳಿ ನೆಲವೇ.

ಮೊಬೈಲ್ ತೋರಿಸುವ ಉಷ್ಣಾಂಶದ ಜೊತೆಗೆ 'ವಿಂಡ್ ಚಿಲ್' ಅಂತ ಇನ್ನೊಂದು ಅಂಕಿ ಇರುತ್ತೆ. ಗಾಳಿ ಬೀಸಿದಾಗ ಮೈಗೆ ಎಷ್ಟು ಚಳಿ ತಟ್ಟುತ್ತೆ ಅನ್ನುವ ಲೆಕ್ಕ ಅದು. ಕೆನಡಾದ ಹವಾಮಾನ ಇಲಾಖೆ ಪ್ರಕಾರ ವಿಂಡ್ ಚಿಲ್ ಮೈನಸ್ 28ರಿಂದ 39ರೊಳಗೆ ಇದ್ದರೆ, ಮುಚ್ಚಿಕೊಳ್ಳದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ಬೆಳಿಗ್ಗೆ ಮನೆ ಬಿಡುವ ಮುಂಚೆ ಈ ಅಂಕಿ ನೋಡೋದು ಇಲ್ಲಿ ಎಲ್ಲರಿಗೂ ಅಭ್ಯಾಸ.

ಬೂಟಿನಲ್ಲಿ ಜಾಗ ಇರಲಿ

ಕಾಲನ್ನು ಬೆಚ್ಚಗಿಡೋದು ಬೂಟಿನೊಳಗೆ ನಿಂತ ಗಾಳಿ. ಬೂಟು ಬಿಗಿಯಾದರೆ ಆ ಗಾಳಿಗೆ ಜಾಗವಿಲ್ಲ, ಬೆರಳಿಗೆ ರಕ್ತವೂ ಸರಿಯಾಗಿ ಹರಿಯಲ್ಲ. ನನ್ನ ತಪ್ಪು ಅಲ್ಲೇ ಇತ್ತು. ಎರಡನೇ ಜೊತೆ ಕಾಲುಚೀಲ ಚಳಿ ಕಡಿಮೆ ಮಾಡಲಿಲ್ಲ, ಕಾಲನ್ನು ಇನ್ನಷ್ಟು ಬಿಗಿ ಮಾಡಿತು.

ಅದಕ್ಕೇ ಅಂಗಡಿಗೆ ಹೋಗುವಾಗ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಹೋಗಿ. ಸಂಜೆ ಹೊತ್ತು ಹೋದರೆ ಇನ್ನೂ ಒಳ್ಳೆಯದು, ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಊದಿರುತ್ತೆ. ಬೂಟು ಹಾಕಿ ನಿಂತಾಗ ಬೆರಳುಗಳನ್ನು ಆರಾಮಾಗಿ ಆಡಿಸೋಕೆ ಬರಬೇಕು. ಹಿಮ್ಮಡಿ ಮಾತ್ರ ಎದ್ದೆದ್ದು ಬರಬಾರದು.

ಉಳಿದದ್ದು ಹೀಗೆ ನೋಡಿ. ಎತ್ತರ ಕಣಕಾಲು ದಾಟಿರಲಿ, ಇಲ್ಲದಿದ್ದರೆ ಹಿಮ ಮೇಲಿಂದ ಒಳಗೆ ಬೀಳುತ್ತೆ. ಪಾದದ ಭಾಗ ನೀರಿಳಿಯದ ರಬ್ಬರಿನದಾಗಿರಲಿ. ಅಟ್ಟೆ ದಪ್ಪಗಿರಲಿ, ಏಕೆಂದರೆ ಬಸ್ ಸ್ಟಾಪಿನಲ್ಲಿ ನಿಂತವರ ಕಾಲಿನ ಶಾಖವನ್ನು ಹೆಪ್ಪುಗಟ್ಟಿದ ನೆಲವೇ ಎಳೆದುಕೊಳ್ಳುತ್ತೆ. ಒಳಗಿನ ಮೆತ್ತನೆ ಪದರ ಬಿಚ್ಚಿ ತೆಗೆಯುವಂತಿದ್ದರೆ ರಾತ್ರಿ ಹೊರತೆಗೆದು ಒಣಗಿಸಬಹುದು. ಇಡೀ ದಿನ ಬೆವರಿದ ಬೂಟನ್ನು ಮರುದಿನ ಹಾಗೇ ಹಾಕಿದರೆ ಎಷ್ಟು ದುಡ್ಡಿನ ಬೂಟಾದರೂ ತಣ್ಣಗೇ.

'ಮೈನಸ್ 40' ಅನ್ನುವ ಚೀಟಿಯನ್ನು ಪೂರ್ತಿ ನಂಬಬೇಡಿ. ಆ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ನಡೆಯುವವರಿಗೂ ನಿಂತವರಿಗೂ ಬೇರೆ.

ಜಾರೋದು ಚಳಿಗಿಂತ ದೊಡ್ಡ ತಲೆನೋವು

ಇಲ್ಲಿನ ಚಳಿಗಾಲದಲ್ಲಿ ಕೈ ಮುರಿದುಕೊಂಡವರ ಕಥೆ ಪ್ರತಿ ಆಫೀಸಿನಲ್ಲೂ ಒಂದಿದೆ. ಟೊರಾಂಟೊದ ಪುನರ್ವಸತಿ ಸಂಶೋಧಕರು ಇದಕ್ಕಾಗಿ ಒಂದು ಮಂಜುಗಡ್ಡೆ ನೆಲದ ಕೋಣೆಯನ್ನೇ ಮಾಡಿಕೊಂಡಿದ್ದಾರೆ. ಕೋಣೆಯನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತಾ, ಅದರಲ್ಲಿ ನಡೆಯುವವರ ಬೂಟು ಯಾವಾಗ ಜಾರುತ್ತೆ ಅಂತ ನೋಡುತ್ತಾರೆ. 2016ರಲ್ಲಿ ಅವರು 98 ಬಗೆಯ ಬೂಟುಗಳ ಫಲಿತಾಂಶ ಹೊರಹಾಕಿದಾಗ ಕನಿಷ್ಠ ಮಟ್ಟ ಮುಟ್ಟಿದ್ದು ನೂರಕ್ಕೆ 8ರಷ್ಟು ಮಾತ್ರ! ಪರೀಕ್ಷೆ ಮಾಡಿದ ಬೂಟುಗಳಿಗೆ ಹಿಮದ ಹೂವಿನ ಗುರುತು ಕೊಟ್ಟು 'ರೇಟ್ ಮೈ ಟ್ರೆಡ್ಸ್' ಜಾಲತಾಣದಲ್ಲಿ ಹಾಕುತ್ತಾರೆ. ಕೊಳ್ಳುವ ಮುಂಚೆ ಒಮ್ಮೆ ನೋಡಿ, ಪುಕ್ಕಟೆ.

ಅಂಗಡಿಯಲ್ಲಿ ಅಟ್ಟೆಯನ್ನು ಉಗುರಿನಿಂದ ಒತ್ತಿ ನೋಡಿ. ಪ್ಲಾಸ್ಟಿಕ್ ಥರ ಗಟ್ಟಿ ಇರೋದು ಚಳಿಗೆ ಕಲ್ಲಾಗುತ್ತೆ, ಜಾರುತ್ತೆ. ಇನ್ನೊಂದು ವಿಷಯ: ರಸ್ತೆಗೆ ಹಾಕುವ ಉಪ್ಪು ತುಂಬಾ ಚಳಿಯಲ್ಲಿ ಹಿಮವನ್ನು ಕರಗಿಸಲ್ಲ. ಹಾಗಾಗಿ ವಿನಿಪೆಗ್‌ನಲ್ಲಿ ಮರಳೂ ಹಾಕುತ್ತಾರೆ. ಹೊಳೆಯುವ ಜಾಗ ಬಿಟ್ಟು ಮರಳಿರುವ ಕಡೆ ಕಾಲಿಡಿ. ಪುಟ್ಟ ಹೆಜ್ಜೆ ಇರಲಿ, ಕೈ ಜೇಬಿನ ಹೊರಗಿರಲಿ.

ಮೈಗೆ ಮೂರು ಪದರ

ಅಮ್ಮ ಹೆಣೆದ ದಪ್ಪ ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್ ಹಾಕಿದರೆ ಸಾಕು ಅಂದ್ಕೋಬೇಡಿ. ಗಾಳಿ ಎರಡರೊಳಗೂ ನುಗ್ಗುತ್ತೆ.

ಮೈಗೆ ಅಂಟುವ ಮೊದಲ ಪದರದ ಕೆಲಸ ಬೆವರನ್ನು ಚರ್ಮದಿಂದ ದೂರ ಒಯ್ಯೋದು. ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್ ಆಗಬಹುದು. ಹತ್ತಿ ಬೇಡ. ನಮ್ಮ ಸೆಕೆಗೆ ಹತ್ತಿ ಹಿತ, ಆದರೆ ಅದು ಬೆವರನ್ನು ಹೀರಿಕೊಂಡು ಒದ್ದೆಯಾಗೇ ಕೂರುತ್ತೆ, ಆಮೇಲೆ ಮೈ ಕೊರೆಯುತ್ತೆ. ಉಣ್ಣೆ ಹಾಗಲ್ಲ. ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹಾಕ್ಕೊಂಡು ಮಳೆಯಲ್ಲೇ ಗದ್ದೆ ಕೆಲಸ ಮಾಡ್ತಿದ್ದ ಅಜ್ಜಂದಿರಿಗೆ ಇದು ಗೊತ್ತಿತ್ತು: ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗಿಡುತ್ತೆ.

ನಡುವಿನ ಪದರ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್. ಅಮ್ಮನ ಸ್ವೆಟರಿಗೆ ಜಾಗ ಇಲ್ಲೇ. ಹೊರಗಿನ ಪದರ ಪಾರ್ಕಾ, ಅಂದರೆ ತೊಡೆ ಮುಚ್ಚುವಷ್ಟು ಉದ್ದದ, ಟೋಪಿ ಸಮೇತ ಇರುವ, ಗಾಳಿ ನುಗ್ಗದ ಕೋಟು. ಒಳಗೆ ಹಕ್ಕಿಯ ಪುಕ್ಕ ತುಂಬಿದ್ದರೆ ಹಗುರ ಮತ್ತು ಬೆಚ್ಚಗೆ, ಆದರೆ ಒದ್ದೆಯಾದರೆ ಮುದ್ದೆಯಾಗುತ್ತೆ. ಸಾವಿರ ಡಾಲರ್ ದಾಟುವ ಕೋಟುಗಳೂ ಇವೆ. ಮೊದಲ ವರ್ಷ ಅಷ್ಟು ಸುರಿಯೋ ಅಗತ್ಯ ಖಂಡಿತ ಇಲ್ಲ.

ಪ್ಯಾಂಟಿನೊಳಗೆ ಥರ್ಮಲ್ ಮರೀಬೇಡಿ. ಸೀರೆ, ಚೂಡಿದಾರ್‌ನೊಳಗೂ ಉಣ್ಣೆಯ ಲೆಗ್ಗಿಂಗ್ಸ್ ಹಾಕಿ ಸಂಕ್ರಾಂತಿ ಎಳ್ಳು ಬೀರೋಕೆ ಹೋಗೋರು ನಾವು. ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ ಮಿಟನ್ಸ್ ಬೆಚ್ಚಗೆ, ಬೆರಳುಗಳು ಒಂದಕ್ಕೊಂದು ಶಾಖ ಕೊಡುತ್ತವೆ. ಕಿವಿ ಮುಚ್ಚುವ ಟೋಪಿಗೆ ಇಲ್ಲಿ 'ಟೂಕ್' ಅಂತಾರೆ.

ಪುಟ್ಟ ಮಕ್ಕಳಿರೋರಿಗೆ ಒಂದು ಮಾತು: ಉಬ್ಬಿದ ಕೋಟು ಹಾಕಿಸಿ ಕಾರಿನ ಮಕ್ಕಳ ಸೀಟಿನಲ್ಲಿ ಕೂರಿಸಬಾರದು. ಅಪಘಾತವಾದರೆ ಕೋಟು ಅಮುಕಿ ಬೆಲ್ಟು ಸಡಿಲವಾಗುತ್ತೆ. ಬೆಲ್ಟು ಹಾಕಿದ ಮೇಲೆ ಕೋಟನ್ನು ಮೇಲಿಂದ ಹೊದಿಸಿ.

ಊರಲ್ಲಿ ಏನು, ಅಲ್ಲಿ ಏನು?

ಊರಲ್ಲಿ ಕೊಳ್ಳಬಹುದಾದ್ದು: ಎರಡು ಜೊತೆ ಥರ್ಮಲ್, ಮೂರ್ನಾಲ್ಕು ಜೊತೆ ಉಣ್ಣೆ ಕಾಲುಚೀಲ, ಟೋಪಿ, ಮಫ್ಲರ್, ಒಂದು ಫ್ಲೀಸ್, ವಿಮಾನ ನಿಲ್ದಾಣದಿಂದ ಮನೆ ತಲುಪೋಕೆ ಒಂದು ಸಾಧಾರಣ ದಪ್ಪ ಜಾಕೆಟ್. ಇಷ್ಟನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ಸೂಟ್‌ಕೇಸ್ ಬರೋದು ತಡವಾದರೆ ಅದರೊಳಗಿನ ಜಾಕೆಟ್ ಯಾರಿಗೆ ಉಪಯೋಗ?

ಅಲ್ಲಿ ಕೊಳ್ಳಬೇಕಾದ್ದು ಬೂಟು, ಪಾರ್ಕಾ, ಮಿಟನ್ಸ್. ಇಳಿದ ಮರುದಿನದ ಮೊದಲ ಕೆಲಸ ಅದೇ ಆಗಲಿ. ಕೈ ಬಿಗಿ ಇದ್ದರೆ ಪಾರ್ಕಾವನ್ನು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ತಗೊಳ್ಳಿ. ಇಲ್ಲಿ ಯಾರೂ ಅದನ್ನು ಅವಮಾನ ಅಂದುಕೊಳ್ಳಲ್ಲ, ಜಿಪ್ ಸರಿಯಿದೆಯಾ ನೋಡಿದರೆ ಆಯಿತು. ಉಳಿದ ದುಡ್ಡು ಹೊಸ ಬೂಟಿಗಿರಲಿ. ಬೇರೆಯವರ ಕಾಲಿಗೆ ಒಗ್ಗಿ, ಅಟ್ಟೆ ಸವೆದ ಬೂಟು ಬೇಡ. ಎರಡನೇ ವರ್ಷಕ್ಕೆ ಬೇಕಾದ್ದನ್ನು ಚಳಿಗಾಲದ ಕೊನೆಯ ರಿಯಾಯಿತಿಯಲ್ಲಿ ಕೊಂಡರೆ ಲಾಭ.

ಮರಗಟ್ಟಿದರೆ ಉಜ್ಜಬೇಡಿ

ಬೆರಳು, ಮೂಗು, ಕಿವಿಯ ತುದಿ ಜೋಮುಹಿಡಿದು, ಬಿಳಿಚಿದ ಅಥವಾ ಬೂದು ಬಣ್ಣಕ್ಕೆ ತಿರುಗಿದರೆ ತಕ್ಷಣ ಒಳಗೆ ಹೋಗಿ. ಉಜ್ಜಬೇಡಿ, ಹೀಟರಿಗೆ ಹಿಡಿಯಬೇಡಿ. ಸ್ಪರ್ಶ ಗೊತ್ತಾಗದ ಚರ್ಮ ಸುಟ್ಟರೂ ತಿಳಿಯಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಇಡಿ. ಬೊಬ್ಬೆ ಬಂದರೆ ಅಥವಾ ಸ್ಪರ್ಶ ಮರಳದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಬಾಗಿಲ ಬಳಿ ಬಿಡಿ

ಕೆನಡಾದ ಮನೆಗಳಲ್ಲಿ ನಮ್ಮ ಹಾಗೇ ಪಾದರಕ್ಷೆಯನ್ನು ಬಾಗಿಲ ಬಳಿ ಬಿಟ್ಟೇ ಒಳಗೆ ಹೋಗೋದು. ಹಾಗಾಗಿ ತೂತಿಲ್ಲದ ಕಾಲುಚೀಲ ಹಾಕಿ! ಆಫೀಸಿನಲ್ಲಿ ಒಂದು ಜೊತೆ ಮಾಮೂಲಿ ಶೂ ಇಟ್ಟುಕೊಳ್ಳಿ, ಇಡೀ ದಿನ ಬೂಟಿನಲ್ಲಿದ್ದರೆ ಕಾಲು ಬೆವರುತ್ತೆ. ಬೂಟಿನ ಮೇಲೆ ಉಳಿಯುವ ಬಿಳಿ ಉಪ್ಪಿನ ಕಲೆಗೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿದರೆ ಸಾಕು.

ಚಿಕ್ಕಮ್ಮನ ಮಗ ಆ ಆಫರ್ ಬಿಟ್ಟ. ಆದರೆ ನಿನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. 'ಅಲ್ಲಮ್ಮಾ, ಅಂಥಾ ಚಳಿ ಊರಿಗೆ ಬೂಟೇ ಇಲ್ಲದೆ ಕಳಿಸೋದಾ?' ಅಂತ ಗಾಬರಿ. ನಾನೇ ಕಾರು ತಗೊಂಡು ವಿಮಾನ ನಿಲ್ದಾಣಕ್ಕೆ ಬರ್ತೀನಿ, ಅಲ್ಲಿಂದ ಮನೆಗೆ, ಮರುದಿನ ಬೆಳಿಗ್ಗೆ ಸೀದಾ ಬೂಟಿನ ಅಂಗಡಿಗೆ ಅಂದೆ. ಸ್ವಲ್ಪ ಸಮಾಧಾನವಾಯಿತು. 'ಹಾಗಾದ್ರೆ ಸರಿ. ಉಣ್ಣೆ ಕಾಲುಚೀಲ ನಿನಗೂ ಎರಡು ಜೊತೆ ಕಳಿಸ್ತೀನಿ, ಜೊತೆಗೆ ಚಟ್ನಿಪುಡಿ' ಅಂದರು. ಎರಡೂ ಬರಲಿ ಅಂತ ಕಾಯ್ತಿದ್ದೀನಿ.