ರೈಫಲ್ ಸ್ಕೋಪ್: ಪಟ್ಟಿನ ಲೆಕ್ಕಕ್ಕಿಂತ ದೂರದ ಲೆಕ್ಕ

ರೈಫಲ್‌ಗೆ ಸ್ಕೋಪ್ ಕೊಳ್ಳುವವರು ಮೊದಲು ವಿಚಾರಿಸುವುದು ಅದು ಗುರಿಯನ್ನು ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂಬುದನ್ನು. ತಯಾರಕರೂ ಪೆಟ್ಟಿಗೆಯ ಮೇಲೆ ಅದೇ ಅಂಕಿಯನ್ನು ಎದ್ದುಕಾಣುವಂತೆ ಮುದ್ರಿಸುತ್ತಾರೆ. ಆದರೆ ಅಮೆರಿಕದಲ್ಲಿ ಒಂದೇ .22 ರಿಮ್‌ಫೈರ್ ರೈಫಲನ್ನು ಕಾಗದದ ಗುರಿಗೂ ಅಳಿಲು, ಮೊಲಗಳ ಬೇಟೆಗೂ ಬಳಸುವ ಗ್ರಾಹಕನಿಗೆ ಹೆಚ್ಚು ಪ್ರಯೋಜನಕಾರಿಯಾದ ಪ್ರಶ್ನೆ ಬೇರೆಯದು: ಸ್ಕೋಪಿನ ಪ್ಯಾರಲಾಕ್ಸ್ ಯಾವ ದೂರಕ್ಕೆ ಹೊಂದಿಸಲ್ಪಟ್ಟಿದೆ?

ಕಣ್ಣು ಸ್ಕೋಪಿನ ನಡುವಿನಿಂದ ಅತ್ತಿತ್ತ ಸರಿದಾಗ ಗುರಿಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವುದೇ ಪ್ಯಾರಲಾಕ್ಸ್. ದೊಡ್ಡ ರೈಫಲ್‌ಗಳ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜ ಅಥವಾ ಅದಕ್ಕಿಂತ ಹೆಚ್ಚಿನ ದೂರಕ್ಕೂ, ರಿಮ್‌ಫೈರ್ ಸ್ಕೋಪುಗಳನ್ನು 50 ಗಜದ ಆಸುಪಾಸಿಗೂ ಹೊಂದಿಸಿರುತ್ತಾರೆ. 40 ಮಿ.ಮೀ. ಮಸೂರದ, 100 ಗಜಕ್ಕೆ ಹೊಂದಿಸಿದ ಸ್ಕೋಪನ್ನು 25 ಗಜದಲ್ಲಿ ಬಳಸಿದರೆ ಕಣ್ಣಿನ ಸ್ಥಾನದ ದೋಷವೊಂದರಿಂದಲೇ ಗುಂಡು ಸುಮಾರು 15 ಮಿ.ಮೀ.ವರೆಗೆ ತಪ್ಪಬಹುದು. ಜಿಂಕೆಗೆ ಇದು ಲೆಕ್ಕಕ್ಕಿಲ್ಲ; ಅಳಿಲಿನ ತಲೆಗೆ ಗುರಿಯಿಟ್ಟವನಿಗೆ ಪ್ರಾಣಿ ಗಾಯಗೊಂಡು ನರಳುವುದಕ್ಕೂ ತಕ್ಷಣ ಸಾಯುವುದಕ್ಕೂ ಇರುವ ಅಂತರವೇ ಇದು. ದೂರವನ್ನು ತಿರುಗಿಸಿ ಹೊಂದಿಸಬಲ್ಲ ಮಸೂರವಿರುವ ಸ್ಕೋಪಿಗೆ ಕೊಂಚ ಹೆಚ್ಚು ಬೆಲೆ ತೆರುವುದು ಆದ್ದರಿಂದಲೇ ಸಮರ್ಥನೀಯ.

ಪಟ್ಟು ಹೆಚ್ಚಿದಷ್ಟೂ ಬೆಳಕು ಕುಗ್ಗುತ್ತದೆ. ಅದೇ 40 ಮಿ.ಮೀ. ಮಸೂರ 4 ಪಟ್ಟಿನಲ್ಲಿ ಕಣ್ಣಿಗೆ 10 ಮಿ.ಮೀ. ಅಗಲದ ಬೆಳಕಿನ ವೃತ್ತವನ್ನು ನೀಡಿದರೆ, 10 ಪಟ್ಟಿನಲ್ಲಿ ಕೇವಲ 4 ಮಿ.ಮೀ. ನೀಡುತ್ತದೆ. ಮುಸ್ಸಂಜೆಯ ಕಾಡಿನಲ್ಲಿ ಇದರ ವ್ಯತ್ಯಾಸ ತಿಳಿಯುತ್ತದೆ. ನೋಟದ ವಿಸ್ತಾರವೂ ಕಿರಿದಾಗಿ, ಓಡುವ ಮೊಲ ಸಿಗುವುದೇ ಕಷ್ಟ.

ಸ್ಪ್ರಿಂಗ್ ಏರ್ ರೈಫಲ್ ಇದ್ದವರು ಇನ್ನೊಂದನ್ನು ಗಮನಿಸಬೇಕು. ಅದರ ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಒಳ್ಳೆಯ ಹೆಸರಿನ ಸ್ಕೋಪೂ ಒಳಗಿಂದೊಳಗೆ ಸಡಿಲವಾಗಬಹುದು. ಏರ್ ರೈಫಲ್‌ಗೆ ತಕ್ಕುದೆಂದು ತಯಾರಕರು ಸ್ಪಷ್ಟವಾಗಿ ಹೇಳಿರುವುದನ್ನೇ ಆರಿಸಬೇಕು.

ಭಾರತದ ಸಂದರ್ಭ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಹವ್ಯಾಸದ ಬೇಟೆಗೆ ಇಲ್ಲಿ ಅವಕಾಶವಿಲ್ಲ. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲೂ ಸ್ಕೋಪ್ ನಿಷಿದ್ಧ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಬಳಕೆಯಾಗುವುದು ಸಣ್ಣ ರಂಧ್ರದ ಮೂಲಕ ನೋಡುವ ಡಯಾಪ್ಟರ್ ಸಾಧನ. ಆದುದರಿಂದ ಕ್ರೀಡಾಪಟುಗಳು ಹಣ ತೊಡಗಿಸುವ ಮುನ್ನ ತಮ್ಮ ಸ್ಪರ್ಧೆಯ ನಿಯಮವನ್ನು ಓದುವುದು ಲೇಸು. ಆಮದುದಾರರೂ ಒಂದು ಅಂಶವನ್ನು ನೆನಪಿಡಬೇಕು: ಬಿಡಿಯಾಗಿ ಬರುವ ಸ್ಕೋಪ್ ಸುಂಕ ಪಟ್ಟಿಯ 9013ನೇ ಶೀರ್ಷಿಕೆಗೆ ಸೇರುತ್ತದೆ, ತಾನು ಕೂರಬೇಕಾದ ಬಂದೂಕಿನೊಂದಿಗೇ ಬಂದರೆ ಶಸ್ತ್ರಾಸ್ತ್ರಗಳ 93ನೇ ಅಧ್ಯಾಯದಲ್ಲಿ ಗಣನೆಯಾಗುತ್ತದೆ.