ಇಳಿಜಾರಿನಲ್ಲಿ ಟ್ರೈಲರಿನ ಬ್ರೇಕು
ಸೊರಬ ಸೀಮೆಯ ಜಮೀನುದಾರರಿಗೂ ಗ್ರಾಮದ ಹಿರಿಯರಿಗೂ ಕೆಲವು ಸೂಚನೆಗಳು

ಎತ್ತಿನ ಗಾಡಿಯನ್ನು ಹೊಡೆದು ಬಲ್ಲ ಹಿರಿಯರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ದಿಬ್ಬ ಹತ್ತುವಾಗ ಎತ್ತು ಗಾಡಿಯನ್ನು ಎಳೆಯುತ್ತದೆ. ಇಳಿಜಾರಿನಲ್ಲಿ ಗಾಡಿಯೇ ಎತ್ತನ್ನು ತಳ್ಳುತ್ತದೆ. ಹೇರಿದ ಗಾಡಿಯನ್ನು ಇಳಿಜಾರಿನಲ್ಲಿ ಎತ್ತಿನ ಕುತ್ತಿಗೆಯ ಬಲವೊಂದನ್ನೇ ನಂಬಿ ಬಿಟ್ಟರೆ ನೊಗ ಕೊಂಬಿನವರೆಗೆ ಬಂದು ಎತ್ತು ಮುಗ್ಗರಿಸುವುದು ನಿಶ್ಚಯ. ಆದಕಾರಣವೇ ಹಿಂದಿನವರು ಗಾಲಿಯ ಪಟ್ಟಿಗೆ ಮರದ ದಿಮ್ಮಿಯನ್ನು ಒತ್ತಿ ಕಟ್ಟುತ್ತಿದ್ದರು, ಇಲ್ಲವೇ ಹಿಂದಿನಿಂದ ಹಗ್ಗ ಹಿಡಿದು ಜಗ್ಗುತ್ತಿದ್ದರು. ಎಳೆಯುವ ಪ್ರಾಣಿ ಎಷ್ಟೇ ಬಲವಾಗಿದ್ದರೂ ಭಾರವು ತನ್ನನ್ನು ತಾನೇ ತಡೆದುಕೊಳ್ಳಬೇಕೆಂಬುದು ಅವರ ಅನುಭವದ ಸಾರ.

ಈಗ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ಎತ್ತಿನ ಗಾಡಿಯ ಕೆಲಸದ ಬಹುಭಾಗವನ್ನು ಟ್ರ್ಯಾಕ್ಟರು ವಹಿಸಿಕೊಂಡಿದೆ. ಭತ್ತ, ಮೆಕ್ಕೆಜೋಳ, ಶುಂಠಿ, ಅನಾನಸು, ಅಡಿಕೆ, ತೋಟಕ್ಕೆ ಹಾಕುವ ಗೊಬ್ಬರ, ಕೆರೆಯ ಹೂಳು, ಇವೆಲ್ಲವೂ ಟ್ರೈಲರಿನಲ್ಲಿಯೇ ಸಾಗುತ್ತವೆ. ಆದರೆ ಬಹಳ ಟ್ರೈಲರುಗಳಿಗೆ ಬ್ರೇಕೇ ಇರುವುದಿಲ್ಲ. ಇದ್ದ ಕಡೆಯಲ್ಲಿಯೂ ಅದು ತುಕ್ಕು ಹಿಡಿದು, ಸಡಿಲಗೊಂಡು, ಹೆಸರಿಗೆ ಮಾತ್ರ ಇರುವುದುಂಟು. ಹಿರಿಯರು ಮರದ ದಿಮ್ಮಿಯಿಂದ ಸಾಧಿಸುತ್ತಿದ್ದ ಕಾರ್ಯವನ್ನು ಕಬ್ಬಿಣದ ಗಾಡಿಯಲ್ಲಿ ಕೈಬಿಟ್ಟಂತಾಗಿದೆ.

ಈ ಸೀಮೆಯ ನೆಲವನ್ನು ನೋಡಿದರೆ ಇದರ ಅಪಾಯವು ತಿಳಿಯುವುದು. ಗದ್ದೆಗಳು ತಗ್ಗಿನಲ್ಲಿ, ಊರುಗಳೂ ಹೊಲಗಳೂ ದಿಬ್ಬದ ಮೇಲೆ, ನಡುವೆ ಕೆಮ್ಮಣ್ಣಿನ ಇಳಿಜಾರು ದಾರಿ. ಚಂದ್ರಗುತ್ತಿಯ ಕಡೆಗೆ ಏರಿಳಿತ ಇನ್ನೂ ಹೆಚ್ಚು. ಕೆರೆಗಳು ಬಹಳವಾದ್ದರಿಂದ ಅನೇಕ ಊರುಗಳ ದಾರಿಯು ಕೆರೆಯ ಏರಿಯ ಮೇಲೆಯೇ ಹಾದುಹೋಗುತ್ತದೆ. ಏರಿಯ ಒಂದು ಪಕ್ಕದಲ್ಲಿ ನೀರು, ಇನ್ನೊಂದು ಪಕ್ಕದಲ್ಲಿ ತಗ್ಗಿನ ಗದ್ದೆ. ಅಲ್ಲಿ ಟ್ರೈಲರು ಒಂದು ಮಾರು ಓರೆಯಾದರೂ ಹಿಂದಕ್ಕೆ ತರುವುದು ಸಾಧ್ಯವಾಗದು.

ಭಾರದ ಲೆಕ್ಕ

ಟ್ರ್ಯಾಕ್ಟರಿನ ಬ್ರೇಕು ಚೆನ್ನಾಗಿದ್ದರೆ ಸಾಕು, ಟ್ರೈಲರಿನ ಬ್ರೇಕು ಏತಕ್ಕೆ ಎಂದು ಕೇಳುವವರುಂಟು. ಇದಕ್ಕೆ ಲೆಕ್ಕವೇ ಉತ್ತರ. 2,000 ಕಿಲೋಗ್ರಾಂ ತೂಕದ ಟ್ರ್ಯಾಕ್ಟರನ್ನೂ, ಸಾಮಾನು ಸೇರಿ 5,000 ಕಿಲೋಗ್ರಾಂ ತೂಗುವ ಎರಡು ಗಾಲಿಯ ಟ್ರೈಲರನ್ನೂ ಉದಾಹರಣೆಗೆ ತೆಗೆದುಕೊಳ್ಳಬಹುದು. ಸಾಮಾನ್ಯ ಟ್ರ್ಯಾಕ್ಟರಿನ ಬ್ರೇಕು ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಉಂಟು. ಟ್ರ್ಯಾಕ್ಟರಿನ ತೂಕದಲ್ಲಿ ಆ ಗಾಲಿಗಳ ಮೇಲೆ ಬೀಳುವುದು ಸುಮಾರು 1,300 ಕಿಲೋಗ್ರಾಂ. ಟ್ರೈಲರಿನ ಮೂಕಿಯಿಂದ ಕೊಂಡಿಯ ಮೇಲೆ 500 ಕಿಲೋಗ್ರಾಂ ಬಿದ್ದರೆ ಒಟ್ಟು 1,800. ಮಳೆಯಿಂದ ನೆನೆದ ಮಣ್ಣಿನ ದಾರಿಯಲ್ಲಿ ಗಾಲಿಯ ಹಿಡಿತವು ತನ್ನ ಮೇಲಿನ ಭಾರದ ಹತ್ತರಲ್ಲಿ ಮೂರು ಪಾಲು ಇರುವುದೆಂದು ಎಣಿಸಿದರೆ, ಟ್ರ್ಯಾಕ್ಟರು ತಡೆಯಬಲ್ಲದ್ದು ಹೆಚ್ಚೆಂದರೆ 540 ಕಿಲೋಗ್ರಾಂ.

ಹತ್ತು ಮಾರು ಸಾಗುವಷ್ಟರಲ್ಲಿ ಒಂದು ಮಾರು ಇಳಿಯುವ ಇಳಿಜಾರಿನಲ್ಲಿ 7,000 ಕಿಲೋಗ್ರಾಂ ಭಾರವು ಕೆಳಕ್ಕೆ ಜಗ್ಗುವುದು 700 ಕಿಲೋಗ್ರಾಂ ಬಲದಿಂದ. ಮೆತ್ತನೆಯ ಮಣ್ಣಿನ ತಡೆ ಸ್ವಲ್ಪ ನೆರವಾದರೂ, ಇಳಿಯುವ ಭಾರವನ್ನು ಹಿಡಿದಿಡುವುದಕ್ಕೇ ಟ್ರ್ಯಾಕ್ಟರಿನ ಸರ್ವಶಕ್ತಿಯೂ ಮುಗಿದುಹೋಗುವುದು. ನಿಲ್ಲಿಸುವುದಕ್ಕೆ ಏನೂ ಉಳಿಯದು. ಚಾಲಕನು ಎಷ್ಟೇ ನಿಪುಣನಾಗಿದ್ದರೂ ಈ ಲೆಕ್ಕವನ್ನು ಅವನ ಕಾಲು ಬದಲಾಯಿಸಲಾರದು. ಅದೇ ಟ್ರೈಲರಿನ ಗಾಲಿಗಳ ಮೇಲಿರುವ 4,500 ಕಿಲೋಗ್ರಾಂ ಭಾರಕ್ಕೂ ಬ್ರೇಕು ಇದ್ದರೆ, ಇನ್ನೂ 1,350 ಕಿಲೋಗ್ರಾಂ ತಡೆಯು ಸೇರಿ ಒಟ್ಟು 1,890 ಆಗುವುದು. ಭಾರ ಹೆಚ್ಚಿದಂತೆ ಟ್ರೈಲರಿನ ಗಾಲಿಯ ಹಿಡಿತವೂ ಹೆಚ್ಚುವುದರಿಂದ, ಅಪಾಯವನ್ನು ತರುವ ಭಾರವೇ ಅದನ್ನು ತಡೆಯುವ ಬಲವನ್ನೂ ಕೊಡುವುದು.

ವೇಗದ ವಿಷಯವೂ ಹೀಗೆಯೇ. ಗಂಟೆಗೆ 20 ಕಿಲೋಮೀಟರಿನ ಓಟದಲ್ಲಿ ಚಾಲಕನು ಅಪಾಯವನ್ನು ಕಂಡು ಪೆಡಲಿಗೆ ಕಾಲಿಡುವ ಒಂದು ಸೆಕೆಂಡಿನೊಳಗೆ ಬಂಡಿಯು 18 ಅಡಿ ಸಾಗಿರುತ್ತದೆ. ವೇಗವು 20ರಿಂದ 30ಕ್ಕೆ ಏರಿದರೆ ತಡೆಯಬೇಕಾದ ಶಕ್ತಿಯು ಎರಡೂಕಾಲು ಪಟ್ಟಾಗುವುದು.

ಬ್ರೇಕಿನ ಬಗೆಗಳು

ಟ್ರೈಲರಿನ ಬ್ರೇಕುಗಳಲ್ಲಿ ಮೂರು ಬಗೆಗಳನ್ನು ಮುಖ್ಯವಾಗಿ ಹೇಳಬಹುದು. ಮೊದಲನೆಯದು, ಮೂಕಿಯ ಬಳಿಯ ಹಿಡಿಯನ್ನು ಎಳೆದರೆ ಸರಳುಗಳ ಮೂಲಕ ಗಾಲಿಯ ಡ್ರಮ್ಮಿನೊಳಗಿನ ಶೂಗಳು ಅಗಲವಾಗಿ ಒತ್ತುವ ಕೈಬ್ರೇಕು. ನಿಲ್ಲಿಸಿದ ಟ್ರೈಲರನ್ನು ಹಿಡಿದಿಡಲು ಇದು ಉಪಯುಕ್ತ. ಓಡುವಾಗ ಚಾಲಕನ ಕೈಗೆ ಎಟುಕದಿದ್ದರೆ ಇದನ್ನು ಬ್ರೇಕೆಂದು ಎಣಿಸಕೂಡದು. ಎರಡನೆಯದು, ಟ್ರ್ಯಾಕ್ಟರು ನಿಧಾನವಾದೊಡನೆ ಟ್ರೈಲರು ಮುಂದಕ್ಕೆ ತಳ್ಳಿ, ಆ ತಳ್ಳುವಿಕೆಯಿಂದಲೇ ಮೂಕಿಯು ಒಳಸರಿದು ಬ್ರೇಕನ್ನು ಒತ್ತುವ ಏರ್ಪಾಡು. ಇದಕ್ಕೆ ಚಾಲಕನ ಕೈ ಬೇಕಿಲ್ಲ. ಆದರೆ ಹಿಂದಕ್ಕೆ ನಡೆಸುವಾಗಲೂ ಇದು ಹಿಡಿಯುವುದರಿಂದ ತಡೆಯ ಕೀಲನ್ನು ಹಾಕಿ ನಡೆಸಬೇಕು, ಮುಂದಕ್ಕೆ ಹೊರಡುವ ಮೊದಲು ಕೀಲನ್ನು ತಪ್ಪದೆ ತೆಗೆಯಬೇಕು. ಮೂರನೆಯದು, ಟ್ರ್ಯಾಕ್ಟರಿನಿಂದ ಎಣ್ಣೆಯ ಕೊಳವೆಯನ್ನು ಜೋಡಿಸಿ ಪೆಡಲಿನೊಡನೆಯೇ ಹಿಡಿಯುವಂತೆ ಮಾಡಿದ ಬ್ರೇಕು. ಇದರ ಕೊಳವೆಯಲ್ಲಿ ಗಾಳಿ ಸೇರಿದರೆ ಪೆಡಲು ಮೆತ್ತಗಾಗುವುದು. ಗಾಳಿಯನ್ನು ಹೊರಡಿಸದೆ ಅದನ್ನು ಉಪಯೋಗಿಸಬಾರದು.

ಸರಿಪಡಿಸುವ ಕ್ರಮ

ಬ್ರೇಕು ಯಾವ ಬಗೆಯದಾದರೂ ಡ್ರಮ್ಮಿಗೂ ಶೂವಿಗೂ ನಡುವಣ ಅಂತರವನ್ನು ಸರಿಪಡಿಸುವುದೇ ಮೊದಲ ಕೆಲಸ. ಖಾಲಿ ಟ್ರೈಲರನ್ನು ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕನ್ನು ಬಿಟ್ಟು, ಎತ್ತದಿರುವ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಒಂದು ಗಾಲಿಯನ್ನು ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಬಲವಾದ ಆಧಾರವನ್ನು ಇಡಬೇಕು; ಜಾಕೊಂದನ್ನೇ ನಂಬಿ ಯಾರೂ ಕೆಳಗೆ ಕೈಯಿಡಬಾರದು. ಅನಂತರ ಡ್ರಮ್ಮಿನ ಹಿಂಬದಿಯ ಹೊಂದಿಕೆಯ ತಿರುಪನ್ನು, ಗಾಲಿಯು ಕೈಯಿಂದ ತಿರುಗದಷ್ಟು ಬಿಗಿಯಾಗುವವರೆಗೆ ತಿರುಗಿಸಬೇಕು. ಬಳಿಕ ಗಾಲಿಯು ನಿರಾಯಾಸವಾಗಿ ತಿರುಗಿ, ಅತಿ ಸಣ್ಣ ಉಜ್ಜುವ ಸದ್ದು ಮಾತ್ರ ಕೇಳುವವರೆಗೆ ಹಿಂದಕ್ಕೆ ಸಡಿಲಿಸಬೇಕು. ಇನ್ನೊಂದು ಗಾಲಿಗೂ ಅದೇ ಪ್ರಕಾರ ಮಾಡತಕ್ಕದ್ದು. ಒಂದು ಬಿಗಿ, ಒಂದು ಸಡಿಲವಾದರೆ ಬ್ರೇಕು ಹಾಕಿದಾಗ ಟ್ರೈಲರು ಬಿಗಿಯಾದ ಗಾಲಿಯ ಕಡೆಗೆ ತಿರುಗಿಬೀಳುವುದು.

ಡ್ರಮ್ಮನ್ನು ಬಿಚ್ಚಿ ನೋಡುವುದು ವರ್ಷಕ್ಕೊಮ್ಮೆಯಾದರೂ ಅಗತ್ಯ. ಶೂವಿನ ಮೇಲಿನ ಲೈನಿಂಗು ಸವೆದು ಮೊಳೆಯ ತಲೆ ಕಾಣುತ್ತಿದ್ದರೆ ಅದನ್ನು ಬದಲಾಯಿಸಬೇಕು. ಗಾಲಿಯ ಬೇರಿಂಗಿನಿಂದ ಗ್ರೀಸು ಸೋರಿ ಲೈನಿಂಗಿಗೆ ಹತ್ತಿದ್ದರೆ ಒರೆಸಿ ಹಾಕುವುದರಿಂದ ಪ್ರಯೋಜನವಿಲ್ಲ. ಸೋರುವುದನ್ನು ನಿಲ್ಲಿಸಿ ಹೊಸ ಲೈನಿಂಗನ್ನು ಹಾಕಿಸುವುದೇ ಸರಿ.

ಭಾರದೊಡನೆ ಪರೀಕ್ಷೆ

ಸರಿಪಡಿಸಿದ ಮೇಲೆ ಜನರಿಲ್ಲದ ಸಮನಾದ ಒಣ ದಾರಿಯಲ್ಲಿ, ಮೊದಲು ನಡೆಯುವ ವೇಗದಲ್ಲಿಯೂ ಅನಂತರ ಸ್ವಲ್ಪ ಹೆಚ್ಚಿನ ವೇಗದಲ್ಲಿಯೂ ಬ್ರೇಕು ಹಾಕಿ ನೋಡಬೇಕು. ಟ್ರೈಲರಿನ ಬ್ರೇಕು ಟ್ರ್ಯಾಕ್ಟರಿನದಕ್ಕಿಂತ ಒಂದು ಕ್ಷಣ ಮುಂಚೆ ಹಿಡಿದು, ಹಿಂದಿನಿಂದ ಜಗ್ಗಿದಂತೆ ಆಗುವುದು ಉತ್ತಮ ಹೊಂದಿಕೆಯ ಗುರುತು. ಟ್ರ್ಯಾಕ್ಟರು ಮೊದಲು ನಿಂತು ಟ್ರೈಲರು ಹಿಂದಿನಿಂದ ಡಿಕ್ಕಿ ಕೊಟ್ಟಂತೆ ತಳ್ಳಿದರೆ ಬ್ರೇಕು ಸಡಿಲವೆಂದು ತಿಳಿಯಬೇಕು. ಹೀಗೆ ತಳ್ಳಿದಾಗಲೇ ತಿರುವಿನಲ್ಲಿ ಟ್ರ್ಯಾಕ್ಟರು ಅಡ್ಡವಾಗಿ, ಬಂಡಿಯು ಚಾಕು ಮಡಚಿದಂತೆ ಮಡಚಿಕೊಳ್ಳುವುದು.

ಅತಿ ಬಿಗಿಯೂ ಹಿತವಲ್ಲ. ಗಾಲಿಯು ತಿರುಗುವುದನ್ನೇ ನಿಲ್ಲಿಸಿ ಜಾರಿದರೆ ಟ್ರೈಲರು ಪಕ್ಕಕ್ಕೆ ಸರಿಯುವುದು. ಭಾರಕ್ಕೆ ಹೊಂದಿಸಿದ ಬ್ರೇಕು ಖಾಲಿ ಟ್ರೈಲರಿನಲ್ಲಿ ಗಾಲಿಯನ್ನು ಕಟ್ಟಿಹಾಕುವುದರಿಂದ, ಮಂಡಿಯಿಂದ ಖಾಲಿಯಾಗಿ ಹಿಂದಿರುಗುವಾಗ ಚಾಲಕನು ಮೃದುವಾಗಿ ಬ್ರೇಕು ಹಾಕುವುದನ್ನು ರೂಢಿಸಿಕೊಳ್ಳಬೇಕು. ಐದಾರು ಸುತ್ತು ಸಾಗಿಸಿದ ಮೇಲೆ ಎರಡು ಗಾಲಿಗಳ ಡ್ರಮ್ಮಿನ ಹತ್ತಿರ ಅಂಗೈಯನ್ನು ಮುಟ್ಟಿಸದೆ ಹಿಡಿದು ನೋಡಿದರೆ, ಒಂದು ಕಾದು ಇನ್ನೊಂದು ತಣ್ಣಗಿರುವುದೋ ಎಂಬುದು ತಿಳಿಯುವುದು. ಹಾಗಿದ್ದರೆ ಹೊಂದಿಕೆಯು ಸಮನಾಗಿಲ್ಲ.

ವಿದ್ಯುತ್ತಿನ ಬ್ರೇಕು

ಅಮೆರಿಕ, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿ ಜನರು ಮಲಗುವ ಮನೆಯಂತೆ ಕಟ್ಟಿದ ಸಣ್ಣ ಟ್ರೈಲರುಗಳನ್ನು ಕಾರಿನ ಹಿಂದೆ ಎಳೆದುಕೊಂಡು ಪ್ರವಾಸ ಹೋಗುವುದುಂಟು. ಕ್ಯಾಂಪರುಗಳೆಂಬ ಇವುಗಳಲ್ಲಿ ವಿದ್ಯುತ್ತಿನ ಬ್ರೇಕು ಹೆಚ್ಚಾಗಿ ಬಳಕೆಯಲ್ಲಿದೆ. ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತವಿದ್ದು, ಚಾಲಕನ ಮುಂದಿನ ನಿಯಂತ್ರಕದಿಂದ ಪ್ರವಾಹ ಬಂದಾಗ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಸನ್ನೆಯೊಂದನ್ನು ಎಳೆದು ಶೂಗಳನ್ನು ಒತ್ತಿಸುವುದು. ಇದನ್ನು ಹೊಂದಿಸುವವರು ಮೊದಲು ಶೂವಿನ ಅಂತರವನ್ನು ಮೇಲೆ ಹೇಳಿದಂತೆಯೇ ಸರಿಪಡಿಸುತ್ತಾರೆ. ಶೂ ಸಡಿಲವಿದ್ದರೆ ಎಷ್ಟು ಪ್ರವಾಹ ಕೊಟ್ಟರೂ ಪ್ರಯೋಜನವಿಲ್ಲ. ಆ ಮೇಲೆ ಸಮನಾದ ಒಣ ರಸ್ತೆಯಲ್ಲಿ, ಗಂಟೆಗೆ ಸುಮಾರು 40 ಕಿಲೋಮೀಟರಿನ ವೇಗದಲ್ಲಿ, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ, ಗಾಲಿಗಳು ಕಟ್ಟುವವರೆಗೆ ಪ್ರವಾಹವನ್ನು ಹೆಚ್ಚಿಸುತ್ತ ಹೋಗಿ, ಅನಂತರ ಸ್ವಲ್ಪ ಇಳಿಸಿ ಬಿಡುತ್ತಾರೆ. ಭಾರ ಬದಲಾದಾಗಲೆಲ್ಲ ಮತ್ತೆ ಹೊಂದಿಸುತ್ತಾರೆ. ಯಂತ್ರವು ಬೇರೆ, ನಿಯಮವು ಒಂದೇ.

ಆಸ್ಟ್ರೇಲಿಯದಲ್ಲಿ ಕಾರಿನ ಹಿಂದೆ ಎಳೆಯುವ ಟ್ರೈಲರಿನ ಭಾರವು 750 ಕಿಲೋಗ್ರಾಂ ಮೀರಿದರೆ ಬ್ರೇಕು ಇರಲೇಬೇಕು. 2,000 ಮೀರಿದರೆ ಎಲ್ಲ ಗಾಲಿಗಳಿಗೂ ಬ್ರೇಕು ಇದ್ದು, ಕೊಂಡಿ ಕಳಚಿದರೆ ತಾನಾಗಿಯೇ ಹಿಡಿಯುವ ಏರ್ಪಾಡೂ ಇರಬೇಕು. ಮೋಜಿನ ಪ್ರವಾಸದ ಹಗುರ ಗಾಡಿಗೆ ಇಷ್ಟು ಎಚ್ಚರಿಕೆಯಾದರೆ, ಕೆರೆಯ ಏರಿಯ ಮೇಲೆ ಶುಂಠಿಯ ಚೀಲಗಳನ್ನು ಹೇರಿಕೊಂಡು ಬರುವ ಟ್ರೈಲರಿಗೆ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ವಿಚಾರವಂತರು ಊಹಿಸಬಹುದು.

ಚಾಲಕನು ಪಾಲಿಸತಕ್ಕ ನಿಯಮಗಳು

ಬ್ರೇಕು ಚೆನ್ನಾಗಿದ್ದರೂ ನಡೆಸುವ ಕ್ರಮ ತಪ್ಪಿದರೆ ಅಪಾಯವು ತಪ್ಪದು. ಗದ್ದೆಯಲ್ಲಿ ತಿರುಗಿಸಲು ಅನುಕೂಲವಾಗಲೆಂದು ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಪೆಡಲು ಇರುತ್ತದೆ. ರಸ್ತೆಗೆ ಬರುವ ಮೊದಲು ಈ ಎರಡನ್ನೂ ಕೊಂಡಿಯಿಂದ ಜೋಡಿಸಲೇಬೇಕು. ಒಂದೇ ಪೆಡಲು ಒತ್ತಿದರೆ ಬಂಡಿಯು ಒಂದೇ ಕಡೆಗೆ ಸೆಳೆದು ಉರುಳುವುದು. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ತಂದು, ಎಂಜಿನ್ನಿನ ತಡೆಯಿಂದಲೇ ಇಳಿಸಬೇಕು. ಡೀಸೆಲ್ ಉಳಿಸುವ ಆಸೆಯಿಂದ ಗೇರು ತಪ್ಪಿಸಿ ಅಥವಾ ಕ್ಲಚ್ಚು ಒತ್ತಿ ಬಂಡಿಯನ್ನು ಬಿಡುವುದು ಪ್ರಾಣಕ್ಕೇ ಮುಳುವಾದ ಉಳಿತಾಯ. ಹಳ್ಳವನ್ನೋ ಕೆಸರನ್ನೋ ದಾಟಿದ ಮೇಲೆ ಡ್ರಮ್ಮು ನೆನೆದು ಹಿಡಿತ ತಪ್ಪಿರುವುದು; ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ನಡೆಸಿ ಒಣಗಿಸಿದ ಹೊರತು ಇಳಿಜಾರಿಗೆ ಇಳಿಯಬಾರದು. ಭಾರವನ್ನು ಟ್ರೈಲರಿನ ಹಿಂಭಾಗದಲ್ಲಿ ಹೇರಿದರೆ ಕೊಂಡಿಯು ಮೇಲಕ್ಕೆತ್ತಲ್ಪಟ್ಟು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ಕಡಿಮೆಯಾಗುವುದು; ಭಾರವೆಲ್ಲವನ್ನೂ ಮುಂದಕ್ಕೆ ಹೇರಿದರೆ ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಏಳುವುದು. ಆದ್ದರಿಂದ ಭಾರವು ಅಚ್ಚಿಗಿಂತ ಸ್ವಲ್ಪವೇ ಮುಂದಕ್ಕೆ ಬೀಳುವಂತೆ ಹೇರತಕ್ಕದ್ದು.

ಯಜಮಾನರ ಹೊಣೆ

ಟ್ರ್ಯಾಕ್ಟರು ನಡೆಸುವವನು ಅನೇಕ ವೇಳೆ ಕೂಲಿಯ ಹುಡುಗನು. ಬ್ರೇಕು ಸಡಿಲವೆಂದು ಅವನಿಗೆ ತಿಳಿದಿದ್ದರೂ, ಸುಗ್ಗಿಯ ಅವಸರದಲ್ಲಿ ಯಜಮಾನರ ಮುಂದೆ ಹೇಳಲು ಅವನು ಹಿಂಜರಿಯುವನು. ನಾಟಿಗೂ ಕೊಯ್ಲಿಗೂ ಹೋಗುವ ಹೆಂಗಸರು ಹೇರಿದ ಚೀಲಗಳ ಮೇಲೆ ಕುಳಿತು ಮನೆಗೆ ಹಿಂದಿರುಗುವುದೂ ಹಳ್ಳಿಗಳಲ್ಲಿ ಕಾಣುವ ನೋಟವೇ. ಸರಕಿನ ಟ್ರೈಲರಿನಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ಅದಕ್ಕೂ ಮಿಗಿಲಾಗಿ, ಟ್ರೈಲರು ಮಗುಚಿದರೆ ಚೀಲಗಳ ಕೆಳಗೆ ಸಿಕ್ಕುವವರು ಅವರೇ. ಚೀಲದ ನಷ್ಟವನ್ನು ಮುಂದಿನ ಬೆಳೆಯು ತುಂಬಿಕೊಟ್ಟೀತು. ಮನೆಯ ದುಡಿಯುವ ಕೈಯನ್ನು ಯಾವ ಬೆಳೆಯೂ ತುಂಬಿಕೊಡದು.

ಆದಕಾರಣ ಟ್ರೈಲರು ಉಳ್ಳ ಜಮೀನುದಾರರು ಮುಂಗಾರಿನ ಮೊದಲೊಂದು ಸಲ, ದೀಪಾವಳಿಯ ಹೊತ್ತಿಗೆ ಸುಗ್ಗಿಯ ಮೊದಲೊಂದು ಸಲ, ತಾವೇ ಎದುರಿಗೆ ನಿಂತು ಬ್ರೇಕನ್ನು ಸರಿಪಡಿಸಿ ಪರೀಕ್ಷಿಸಬೇಕು. ಬ್ರೇಕಿಲ್ಲದ ಟ್ರೈಲರಿಗೆ ಅದನ್ನು ಕೂಡಿಸಬೇಕು. ಕೂಡಿಸುವವರೆಗೆ ಭಾರವನ್ನು ಅರ್ಧಕ್ಕೆ ಇಳಿಸಿ, ಇಳಿಜಾರಿನ ದಾರಿಯನ್ನು ಬಿಟ್ಟು ಸಾಗಿಸಬೇಕು. ಗ್ರಾಮದ ಹಿರಿಯರು ಊರಿನ ಟ್ರೈಲರುಗಳೆಲ್ಲವನ್ನೂ ಒಂದು ದಿನ ಒಂದೆಡೆ ಸೇರಿಸಿ, ತಿಳಿದ ಮಿಸ್ತ್ರಿಯೊಬ್ಬನಿಂದ ನೋಡಿಸುವುದಾದರೆ ಖರ್ಚು ಹಂಚಿಹೋಗಿ ಎಲ್ಲರಿಗೂ ಅನುಕೂಲವಾಗುವುದು. ಕೆರೆಯ ಏರಿಯ ಮೇಲೆ ಎರಡು ಟ್ರೈಲರುಗಳನ್ನು ಒಂದಕ್ಕೊಂದು ಜೋಡಿಸಿ ಹೊಡೆಯಕೂಡದೆಂಬ ಕಟ್ಟುಪಾಡನ್ನೂ ಊರವರು ಮಾಡಿಕೊಳ್ಳುವುದು ಯುಕ್ತ.

ಎತ್ತಿನ ಕುತ್ತಿಗೆಯ ನೋವನ್ನು ನೋಡಿ ಹಿರಿಯರು ಗಾಲಿಗೆ ದಿಮ್ಮಿಯನ್ನು ಕಟ್ಟಿದರು. ಕಬ್ಬಿಣದ ಎತ್ತಿಗೆ ನೋವಿಲ್ಲ, ಆದ್ದರಿಂದ ಅದು ಮುಂಚಿತವಾಗಿ ಎಚ್ಚರಿಸುವುದೂ ಇಲ್ಲ. ಆ ಎಚ್ಚರವನ್ನು ಯಜಮಾನರೇ ವಹಿಸಿಕೊಳ್ಳತಕ್ಕದ್ದು.