ಅಚ್ಚಾಗದ ಬರಹಕ್ಕೂ ಹಕ್ಕುಂಟು

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಯವರಿಂದ ಸ್ವರಚಿತ ಕವನ ಬರೆಯಿಸಿದಾಗ, “ಅಚ್ಚಾಗದ ಕವನ ನನ್ನದೇ ಎನ್ನಲು ಆಧಾರವೇನು?” ಎಂಬ ಪ್ರಶ್ನೆ ಬಂತು. ನಾನು ಹೀಗೆ ವಿವರಿಸಿದೆ: 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಬರೆದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ವ್ಯಾಜ್ಯ ಬಂದರೆ, ಎದುರಿನವರು ಸುಳ್ಳೆಂದು ತೋರಿಸುವವರೆಗೂ ನೋಂದಣಿಯೇ ಸಾಕ್ಷ್ಯ. ಅಪ್ರಕಟಿತ ಕೃತಿಯಾದರೆ ಅರ್ಜಿಯೊಂದಿಗೆ ಎರಡು ಪ್ರತಿ ಕೊಡಬೇಕು.

ಈಗ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಆದರೂ ಅರ್ಜಿಗೊಂದೇ ಕೃತಿ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಹತ್ತು ಕವನಗಳನ್ನು ಬಿಡಿಯಾಗಿ ನೋಂದಾಯಿಸಿದರೆ 5,000! ಅಮೆರಿಕದಲ್ಲಿ 2019ರಿಂದ ಒಬ್ಬರೇ ಬರೆದ ಹತ್ತು ಅಪ್ರಕಟಿತ ಕೃತಿಗಳವರೆಗೆ ಒಂದೇ ಅರ್ಜಿ ಸಾಕು. ಪ್ರತಿಗಳನ್ನು ಡಿಜಿಟಲ್ ಕಡತವಾಗಿ ಕಳಿಸಿದರಾಯಿತು. ನಮ್ಮಲ್ಲೂ ಇಂಥ ಸುಧಾರಣೆ ಬರಬೇಕು. ಅಲ್ಲಿಯವರೆಗೆ, ದಿನಾಂಕ ಹಾಕಿ ಮೂಲಪ್ರತಿ ಜೋಪಾನ ಮಾಡುವುದನ್ನು ಮಕ್ಕಳಿಗೆ ಕಲಿಸೋಣ.